ಬೇವಿನ ಬುಡದ ಊಬುಹುಲ್ಲು

ಹುಲ್ಲಿನ ಒಂದು ಗರಿಯನ್ನು ಕಿತ್ತು ತಟ್ಟೆಯ ಮೇಲಿಟ್ಟರೆ, ಅದರ ತಾಯಿ ಯಾವ ಗುಡ್ಡದಲ್ಲಿ ಬೆಳೆದಿತ್ತು, ತಾಯಿಯ ತಾಯಿ ಎಲ್ಲಿತ್ತು ಎಂದು ಹೇಳುವ ಯಂತ್ರವಿದ್ದರೆ?

ಅಂಥದ್ದೊಂದು ಯಂತ್ರ ಹಾವೇರಿಯ ಹುಲ್ಲುಗಾವಲು ಯೋಜನೆಯ ನಿಯಂತ್ರಣ ಕೊಠಡಿಗೆ ಬಂದದ್ದು 2071ರ ಬೇಸಿಗೆಯಲ್ಲಿ. ಹೆಸರು ವಂಶದರ್ಶಿ. ಗಾತ್ರ ಹೊಲಿಗೆ ಯಂತ್ರದಷ್ಟು. ಪ್ರತಿ ಪೀಳಿಗೆಯಲ್ಲೂ ಗಿಡದ ಡಿಎನ್‌ಎಯಲ್ಲಿ ಕೆಲವು ಸಣ್ಣ ಬದಲಾವಣೆಗಳಾಗುತ್ತವೆ. ಅವು ಮುಂದಿನ ಪೀಳಿಗೆಗೂ ದಾಟುತ್ತವೆ. ಆ ಗುರುತುಗಳನ್ನು ಹಿಡಿದು ಯಂತ್ರ ಹಿಂದಕ್ಕೆ ಹೋಗುತ್ತದೆ. ಗುಡ್ಡಗಾಡಿನ ಊಬುಹುಲ್ಲಿನ ಮಟ್ಟಿಗೆ ಈ ಕೆಲಸ ಇನ್ನೂ ಸುಲಭ. ಅದು ಬಹುಪಾಲು ಪರಾಗದ ನೆರವಿಲ್ಲದೆಯೇ ಬೀಜ ಕಟ್ಟುವುದರಿಂದ ತಾಯಿಯ ಗುರುತು ಕಲಬೆರಕೆಯಾಗುವುದಿಲ್ಲ.

ಒಂದು ಷರತ್ತಿದೆ. ಹಳೆಯ ಗಿಡಗಳ ಎಲೆ ಯಾರಾದರೂ ಕಾಪಿಟ್ಟಿರಬೇಕು. ಹಾವೇರಿಯಲ್ಲಿ ಕಾಪಿಟ್ಟವರಿದ್ದರು. ಸಸ್ಯಪರಿಸರ ವಿಜ್ಞಾನಿ ಪ್ರೊ. ಸರ್ವಮಂಗಳಾ ಅಗಡಿ ನಾಲ್ಕು ದಶಕ ಕಾಲ ಬಿಲ್ಲಗುಡ್ಡದ ನಾಲ್ಕು ತಾಕುಗಳಿಂದ ಪ್ರತಿ ವರ್ಷ ಎಲೆಗಳನ್ನು ಕಿತ್ತು, ಹಳೆಯ ಪತ್ರಿಕೆಗಳ ನಡುವೆ ಒತ್ತಿ, ಟ್ರಂಕುಗಳಲ್ಲಿ ತುಂಬಿಟ್ಟಿದ್ದರು. ಇದು ಯಾಕೆಂದು ವಿದ್ಯಾರ್ಥಿಗಳು ಕೇಳಿದರೆ "ಮುಂದ ಯಾರಿಗರ ಬೇಕಾಗತೈತಿ" ಎನ್ನುತ್ತಿದ್ದರು. ಬೇಕಾದದ್ದು ಫರ್ಜಾನಾ ಮಕಾನದಾರಳಿಗೆ. ಅವಳು ಯೋಜನೆಯ ವಿಜ್ಞಾನಿ, ಅಗಡಿ ಮೇಡಂ ಅವರ ಶಿಷ್ಯರೊಬ್ಬರ ಶಿಷ್ಯೆ.

ಬಿಲ್ಲಗುಡ್ಡದ ನೆತ್ತಿಯಲ್ಲಿ ಎಂದೂ ಉಳದ, ಮರ ನೆಡದ ಹಳೆಯ ಹುಲ್ಲುಗಾವಲಿತ್ತು. ಅದು ಮೊದಲನೇ ತಾಕು. ಕೆಳಗಿನ ಮೂರು ತಾಕುಗಳಲ್ಲಿ ಮೂವತ್ತು ವರ್ಷ ನೀಲಗಿರಿ ತೋಪಿತ್ತು. ಮೇಡಂ ಆ ಮರಗಳನ್ನು ಕಡಿಸಿ, ಬೇಲಿ ಹಾಕಿಸಿ ಕಾದರು. ಹುಲ್ಲು ಮರಳಿತು. ಮಣ್ಣಿನಲ್ಲಿ ಬೀಜಗಳು ಮಲಗಿದ್ದವು, ನೆರಳು ಹೋದೊಡನೆ ಎದ್ದವು ಎಂದು ಅವರು ಬರೆದರು. 'ನೆಲ ಮರೆಯುವುದಿಲ್ಲ' ಎಂಬ ಆ ಪ್ರಬಂಧ ಪಠ್ಯಪುಸ್ತಕ ಸೇರಿತು, ದೇಶ ದಾಟಿತು. ಹುಲ್ಲುಗಾವಲು ಬಂಜರಲ್ಲ ಎಂಬ ಮಾತಿಗೆ ಸರ್ಕಾರಿ ಕಡತಗಳಲ್ಲಿ ಜಾಗ ಸಿಕ್ಕಿದ್ದು ಅದರಿಂದ. ಅದನ್ನೇ ನಂಬಿ ಯೋಜನೆ ಇಪ್ಪತ್ತು ವರ್ಷದಿಂದ ಹನ್ನೆರಡು ಕಡೆ ನೀಲಗಿರಿ ಕಡಿಸಿ, ಬೇಲಿ ಹಾಕಿಸಿ ಕಾಯುತ್ತಿತ್ತು.

ಆ ಹನ್ನೆರಡು ಕಡೆ ಹುಲ್ಲು ಬರಲಿಲ್ಲ. ಜಾಲಿ ಬಂತು, ಕಳೆ ಬಂತು, ಬರಿ ಕೆಂಪು ನೆಲ ಉಳಿಯಿತು. ಕಾರಣ ಯಾರಿಗೂ ತಿಳಿಯಲಿಲ್ಲ. ಸೆಪ್ಟೆಂಬರಿನಲ್ಲಿ ಪರಿಶೀಲನಾ ಸಮಿತಿ ಬರುವುದಿತ್ತು. ಅದಕ್ಕೆ ಸಮಾಧಾನವಾಗದಿದ್ದರೆ ಅಷ್ಟೂ ನೆಲ ಬಟ್ಟೆನಾರಿನ ಕಾರ್ಖಾನೆಗಳಿಗಾಗಿ ಮತ್ತೆ ನೀಲಗಿರಿಯ ಪಾಲಾಗುತ್ತಿತ್ತು.

ಸಮಿತಿಗೆ ಮೇಡಂ ಅವರ ಸಿದ್ಧಾಂತವನ್ನು ಯಂತ್ರದಿಂದ ರುಜುವಾತು ಮಾಡಿ ತೋರಿಸುವುದು ಫರ್ಜಾನಾಳ ಕೆಲಸವಾಗಿತ್ತು. ಆಗಸ್ಟಿನ ಒಂದು ಮಧ್ಯಾಹ್ನ ಅವಳು ಯೋಜನಾ ನಿರ್ದೇಶಕ ಉದಯಶಂಕರ ದೊಡವಾಡರನ್ನು ಪರದೆಯ ಮುಂದೆ ಕರೆದಳು.

"ಮೂರನೇ ತಾಕಿನಾಗ ಮೊದಲ ಹುಟ್ಟಿದ ಹುಲ್ಲಿನಿಂದ ಇವತ್ತಿನ ತನಕ ಎಲ್ಲಾ ನೋಡೀನ್ರಿ ಸರ್. ಎಲ್ಲಾ ಗುಡ್ಡದ ನೆತ್ತಿ ಮ್ಯಾಲಿನ ಹುಲ್ಲಿನ ಮಕ್ಕಳು. ಮಣ್ಣಾಗ ಮಲಗಿದ್ದ ಬೀಜದ್ದು ಅನ್ನೂದು ಒಂದೂ ಇಲ್ಲ."

"ಗಾಳಿಗೆ ಬಂದಿರಬೇಕು."

"ಊಬಿನ ಬೀಜ ಗಾಳಿಗೆ ಅಷ್ಟು ದೂರ ಹಾರೂದಿಲ್ರಿ. ಭಾಳ ಅಂದ್ರ ತಾಯಿ ಬುಡದಾಗ ಬೀಳತೈತಿ. ಮಣ್ಣಾಗೂ ಎರಡು-ಮೂರು ವರ್ಷದ ಮ್ಯಾಲ ಜೀವ ಹಿಡಿಯೂದಿಲ್ಲ. ನೀಲಗಿರಿ ಇದ್ದದ್ದು ಮೂವತ್ತು ವರ್ಷ."

ದೊಡವಾಡರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅವರ ಹಿಂದಿನ ಗೋಡೆಯ ಮೇಲೆ 'ನೆಲ ಮರೆಯುವುದಿಲ್ಲ' ಎಂದು ಹಸಿರು ಬಣ್ಣದಲ್ಲಿ ಬರೆಸಿತ್ತು. ಬರೆಸಿದವರು ಅವರೇ.

"ಇದನ್ನ ಸಮಿತಿ ಮುಂದ ಇಟ್ರ ಯೋಜನಾ ಮುಗದಂಗ ನೋಡವಾ."

"ಹಂಗಂತ ಮುಚ್ಚಿಡಾಕ ಬರತೈತೇನ್ರಿ?"

"ಮುಚ್ಚಿಡು ಅಂದ್ನೇನು? ತಡಿ ಅಂದೆ. ಅವರು ಬಂದು ಹೋಗ್ಲಿ."

"ಮೊದಲ ಮೇಡಂಗೆ ಹೇಳ್ತೀನ್ರಿ ಸರ್."

"ಎಂಬತ್ತು ದಾಟ್ಯಾವ ಅವ್ರಿಗೆ. ಕೈಮುಗಿತೀನಿ, ಯಾಕ ಕೊರಗಸ್ತಿ ಆ ಜೀವಾನ?"

ಫರ್ಜಾನಾ ಪರದೆ ಆರಿಸಿದಳು. ಅವಳ ಪಿಎಚ್‌.ಡಿ. ಪ್ರಬಂಧಕ್ಕೆ ಅಗಡಿ ಮೇಡಂ ಪರೀಕ್ಷಕರಾಗಿದ್ದರು. ಎಲ್ಲರೂ ಹೊಗಳಿದ್ದ ಆ ಪ್ರಬಂಧವನ್ನು ಅವರು ಒಂದೇ ಒಂದು ಪ್ರಶ್ನೆ ಬರೆದು ಹಿಂದಕ್ಕೆ ಕಳಿಸಿದ್ದರು: ಇದು ತಪ್ಪಾಗಿದ್ದರೆ ನಿನಗೆ ಹೇಗೆ ಗೊತ್ತಾಗುತ್ತದೆ? ಅದಕ್ಕೆ ಉತ್ತರ ಹುಡುಕಲು ಅವಳಿಗೆ ಒಂದು ವರ್ಷ ಹಿಡಿದಿತ್ತು. ಆ ವರ್ಷದಲ್ಲಿ ತಾನು ವಿಜ್ಞಾನಿಯಾದೆ ಎಂದು ಅವಳು ನಂಬಿದ್ದಳು. ಈಗ ಅದೇ ಪ್ರಶ್ನೆಯನ್ನು ಯಂತ್ರದ ಮೂಲಕ ಕೇಳಿದ್ದಳು. ಸಿಕ್ಕ ಉತ್ತರವನ್ನು ಕೇಳಿಸಿಕೊಳ್ಳಬೇಕಾದವರು ಮಾತ್ರ ಪ್ರಶ್ನೆ ಕಲಿಸಿದವರೇ ಆಗಿದ್ದರು.

ಮೇಡಂ ಹಾವೇರಿ ಪೇಟೆಯ ಒಂದು ಎರಡನೇ ಮಹಡಿಯಲ್ಲಿ ತಂಗಿ ಶಕುಂತಲಾ ಅವರೊಡನೆ ಇದ್ದರು. ತಂಗಿ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಸಂಜೆ ಫರ್ಜಾನಾ ಹೋದಾಗ ಅಕ್ಕ ಕಿಟಕಿಯ ಬಳಿ ಕುಳಿತಿದ್ದರು, ತಂಗಿ ಒಲೆಯ ಮುಂದೆ ಮಂಡಕ್ಕಿಗೆ ಒಗ್ಗರಣೆ ಹಾಕುತ್ತಿದ್ದರು.

"ಬಾ ಒಳಗ. ಮುಖ ಯಾಕ ಹಂಗೈತಿ?" ಎಂದರು ಮೇಡಂ. "ಯಂತ್ರ ಕೆಟ್ಟತೇನು?"

"ಯಂತ್ರ ಛಲೋ ಐತ್ರಿ."

"ಹಂಗಾರ ನಾ ಕೆಟ್ಟೀನಿ. ಹೇಳು."

ಫರ್ಜಾನಾ ಹೇಳಿದಳು. ಯಾವುದನ್ನೂ ಬಿಡದೆ, ಯಾವುದನ್ನೂ ಮೆತ್ತಗೆ ಮಾಡದೆ ಹೇಳಿದಳು. ಒಲೆಯ ಮುಂದಿನ ಸದ್ದು ನಿಂತಿತು. ಮುಗಿದ ಮೇಲೆ ಮೇಡಂ ಎರಡೇ ಪ್ರಶ್ನೆ ಕೇಳಿದರು. ಒತ್ತಿಟ್ಟ ಎಲೆಗಳು ಅದಲುಬದಲಾಗಿರಬಹುದೇ? ಇಲ್ಲ, ಎರಡು ಸಲ ಪರೀಕ್ಷೆಯಾಗಿದೆ. ಬೇರೆಯವರು ಬೇರೆ ಯಂತ್ರದಲ್ಲಿ ನೋಡಿದ್ದಾರೆಯೇ? ಧಾರವಾಡದಲ್ಲಿ ನೋಡಿದ್ದಾರೆ, ಅದೇ ಉತ್ತರ.

"ಮತ್ತ ಆ ಬೀಜ ಕೆಳಗ ಹೆಂಗ ಬಂತು?"

"ಅದ ತಿಳಿವಲ್ದ್ರಿ. ನಕ್ಷೆ ನೋಡ್ರಿ." ಫರ್ಜಾನಾ ತನ್ನ ಮಡಿಚುಪರದೆ ಬಿಡಿಸಿದಳು. ಮೂರನೇ ತಾಕಿನಲ್ಲಿ ಹುಲ್ಲು ಹುಟ್ಟಿದ ವರ್ಷಗಳಿಗೆ ತಕ್ಕಂತೆ ಬಣ್ಣ ಕೊಟ್ಟಿತ್ತು. ಮೊದಲ ವರ್ಷಗಳ ಗಾಢ ಬಣ್ಣ ಬೇಲಿಯ ಹತ್ತಿರ ಒಂದೇ ಕಡೆ ದುಂಡಗೆ ಗುಡ್ಡೆಬಿದ್ದಿತ್ತು. ಅಲ್ಲಿಂದ ವರ್ಷವರ್ಷವೂ ಅಂಚು ಹಿಗ್ಗುತ್ತಾ ಹೋಗಿತ್ತು. ಎರಡನೇ, ನಾಲ್ಕನೇ ತಾಕುಗಳಲ್ಲಿ ಬಣ್ಣ ಗೆರೆಯಂತೆ ಕಾಲುದಾರಿಯ ಉದ್ದಕ್ಕೂ ಹಬ್ಬಿತ್ತು. "ಈ ದುಂಡನೆ ಜಾಗದಾಗ ಏನೂ ಇಲ್ರಿ. ನಾ ಹೋಗಿ ನೋಡಿ ಬಂದೆ. ಬರೇ ಹುಲ್ಲು."

ಮೇಡಂ ಪರದೆಯನ್ನು ಕಣ್ಣಿನ ಹತ್ತಿರ ಹಿಡಿದರು. ಸ್ವಲ್ಪ ಹೊತ್ತಿಗೆ ಅವರ ಭುಜ ಅಲುಗತೊಡಗಿತು. ಅಳುತ್ತಿದ್ದಾರೆಂದು ಫರ್ಜಾನಾ ಹೆದರಿ ಎದ್ದಳು. ಅವರು ನಗುತ್ತಿದ್ದರು.

"ಶಕ್ಕೂ, ಬಾ ಇಲ್ಲೆ. ಫಕೀರಪ್ಪನ ಬೇವಿನ ಮರ ನೋಡು."

ಅಲ್ಲಿ ಒಂದು ಬೇವಿನ ಮರವಿತ್ತು. ಫರ್ಜಾನಾ ಯೋಜನೆಗೆ ಸೇರುವ ಎಷ್ಟೋ ಮೊದಲು ಗಾಳಿಗೆ ಬಿದ್ದು ಹೋಗಿತ್ತು. ವಿಶ್ವವಿದ್ಯಾಲಯದ ಜೀಪು ಅಲ್ಲಿಯವರೆಗೆ ಮಾತ್ರ ಬರುತ್ತಿತ್ತು. ಬೆಳಗಿನ ತಂಪಿನಲ್ಲಿ ಎಲ್ಲರೂ ನೆತ್ತಿ ಹತ್ತಿ ಮೊದಲನೇ ತಾಕು ಎಣಿಸಿ, ಮಧ್ಯಾಹ್ನಕ್ಕೆ ಇಳಿದು ಬಂದು, ಬೇವಿನ ನೆರಳಿನಲ್ಲಿ ರೊಟ್ಟಿಗಂಟು ಬಿಚ್ಚುತ್ತಿದ್ದರು. ಊಬು ಎಂದರೆ ಸೂಜಿಮೊನೆಯ ಬೀಜ, ಹಿಂದೆ ಹುರಿಗೊಂಡ ಬಾಲ. ಸೀರೆಯ ಅಂಚು, ಪ್ಯಾಂಟಿನ ಮಡಿಕೆ, ಕಾಲುಚೀಲ ಎಲ್ಲಕ್ಕೂ ಚುಚ್ಚಿಕೊಂಡು ಬರುತ್ತದೆ. ಜೀಪಿನ ಚಾಲಕ ಫಕೀರಪ್ಪ ಅದನ್ನು ಒಳಗೆ ಬಿಡುತ್ತಿರಲಿಲ್ಲ.

"'ನಾಳೆ ಕುಲಪತಿ ಸಾಹೇಬ್ರು ಕುಂದ್ರೂ ಸೀಟಿದು. ಅವ್ರಿಗೆ ಚುಚ್ಚಿದ್ರ ನನ್ನ ನೌಕರಿ ಹೋಗತೈತಿ. ಒಂದೊಂದ ಕಿತ್ತು ಇಲ್ಲೇ ಒಗೀರಿ, ಆಮ್ಯಾಲ ಹತ್ರಿ' ಅಂತಿದ್ದ ಪುಣ್ಯಾತ್ಮ," ಎಂದರು ಮೇಡಂ. "ನಲವತ್ತು ವರ್ಷ, ವರ್ಷಕ್ಕ ಹತ್ತು-ಹದಿನೈದು ಹುಡುಗರು. ಎಲ್ಲಾರೂ ಅಲ್ಲೇ ಕುಂತು ಊಬು ಕಿತ್ತು ಒಗದೀವಿ. ಮರುವರ್ಷ ಬಂದು, ಆಹಾ, ನೆಲ ಮರತಿಲ್ಲ ನೋಡ್ರಿ ಅಂತ ಎಣಿಸೀವಿ!"

ಶಕುಂತಲಾ ಸೌಟು ಹಿಡಿದೇ ಬಂದು ನಕ್ಷೆ ನೋಡಿದರು. "ಅಂದ್ರ ಬಿತ್ತಿದವ್ರೂ ನೀವ, ಬೆರಗಾದವ್ರೂ ನೀವ. ಭಾಳ ಶ್ಯಾಣ್ಯಾರದೀರಿ."

"ಯಾರೂ ಕಾಲಿಡದ ತಾಕು ಒಂದು ಇಡಬೇಕಿತ್ತು," ಎಂದರು ಮೇಡಂ. ನಗು ನಿಂತಿತ್ತು. "ಕಾಲಿಡದಂಗ ಹುಲ್ಲು ಎಣಸೂದು ಹೆಂಗ ಅಂತ ಇಡಲಿಲ್ಲ. ಆ ಹನ್ನೆರಡು ಕಡೆ ಯಾರು ಎಣಸ್ತಾರ?"

"ಡ್ರೋನ್ ಎಣಸ್ತಾವ್ರಿ. ಮನುಷ್ಯಾರು ಒಳಗ ಹೋಗೂದಿಲ್ಲ."

"ಕುರಿ?"

"ಬೇಲಿ ಐತಲ್ರಿ."

"ಬೇಲಿ ಹಾಕ್ರಿ ಅಂತ ಬರದಾಕಿ ನಾನು." ಮೇಡಂ ಪರದೆಯನ್ನು ಮಡಿಸಿ ಅವಳ ಕೈಗೆ ಕೊಟ್ಟರು. ತಂಗಿ ತಟ್ಟೆಗಳನ್ನು ತಂದಿಟ್ಟರೂ ಕೈ ಹಾಕಲಿಲ್ಲ. ಫರ್ಜಾನಾ ಏನಾದರೂ ಸಮಾಧಾನ ಹೇಳಲು ಬಾಯಿ ತೆರೆದಳು.

"ಸಮಾಧಾನ ಬ್ಯಾಡ," ಎಂದರು ಮೇಡಂ. "ನಾ ಸತ್ತ ಮ್ಯಾಲ ಇದು ಸಿಕ್ಕಿದ್ರ ನೀವೆಲ್ಲಾ ದೊಡ್ಡಾಕಿ ತಪ್ಪು ಅಂತ ಹೇಳಾಕ ನಾಚಿಕೊಂಡು ಸುಮ್ಮನಾಗ್ತಿದ್ರಿ. ನೆಲ ಹಂಗ ಹಾಳಬೀಳತಿತ್ತು. ನಾ ಇರೂದರಾಗ ತಂದಿ. ತಿದ್ದಾಕ ವ್ಯಾಳ್ಯಾ ಐತಿ. ಭಾಳ ಉಪಕಾರ ಆತು ಮಗಳ. ಈಗ ಮಂಡಕ್ಕಿ ತಿನ್ನು, ಮೆತ್ತಗಾಗತಾವು."

ಸಮಿತಿಯ ಮುಂದೆ ತಪ್ಪನ್ನು ಒಪ್ಪಿಕೊಳ್ಳುವುದು ಸುಲಭವಿತ್ತು. ತಪ್ಪಿನ ಜೊತೆಗೆ ದಾರಿಯೊಂದನ್ನೂ ಇಡಬೇಕಿತ್ತು. ಎರಡು ದಿನ ಬಿಟ್ಟು ಮೇಡಂ ಫರ್ಜಾನಾಳ ಗಾಡಿ ಹತ್ತಿ ಏಳನೇ ತಾಣಕ್ಕೆ ಹೋದರು. ಹನ್ನೆರಡು ತಾಣಗಳ ಪೈಕಿ ಬಿಲ್ಲಗುಡ್ಡಕ್ಕೆ ಹತ್ತಿರದ್ದು ಅದು. ಬೇಲಿಯಾಚೆಯ ರಸ್ತೆಬದಿಯಲ್ಲಿ ಕುರಿಗಾರ್ತಿ ಮಾಳವ್ವನ ಹಿಂಡು ಮೇಯುತ್ತಿತ್ತು. ಅವಳು ಮೇಡಂಗಿಂತ ಹತ್ತು ವರ್ಷ ಚಿಕ್ಕವಳು, ಗುರುತು ಹಳೆಯದು.

"ಏನ್ರಿ ಹುಲ್ಲಿನ ಅಕ್ಕೋರ, ನಮ್ಮ ಕುರಿ ಬೇಲಿ ಹಾರ್ಯಾವೇನು ನೋಡಾಕ ಬಂದ್ರೇನು?"

"ಬೇಲಿ ತಗಸಾಕ ಬಂದೀನಿ ಮಾಳವ್ವ."

ಮಾಳವ್ವ ಕೋಲೂರಿ ನಿಂತಳು. ಮೇಡಂ ವಿಷಯ ಹೇಳಿದರು. ಹಿಂಡು ಮೊದಲು ಬಿಲ್ಲಗುಡ್ಡದಲ್ಲಿ ಮೇಯಬೇಕು, ಉಣ್ಣೆಗೆ ಊಬು ಹತ್ತಿಸಿಕೊಂಡು ಇಲ್ಲಿಗೆ ಬರಬೇಕು.

"ಎದ್ದು ಹೋಗ್ರಿ ಅತ್ಲಾಗ!" ಎಂದಳು ಮಾಳವ್ವ. "ಇಪ್ಪತ್ತು ವರ್ಷ ಡಾಂಬರ್ ರಸ್ತಾದಾಗ ಅಡ್ಯಾಡಿಸಿದ್ರಿ. ಈಗ ಕರದು ಊಬಿನಾಗ ನುಗ್ಗಸು ಅಂತೀರಿ. ಕುರಿ ಕಣ್ಣಾಗ ಚುಚ್ಚತೈತಿ, ತೊಗಲಾಗ ಹೊಕ್ಕು ಕೀವಾಗತೈತಿ. ಊಬು ಒಣಗಿದಾಗ ಆ ಗುಡ್ಡಕ್ಕ ನಾವ್ ಯಾರೂ ಹೋಗೂದಿಲ್ಲ."

ಮಾಳವ್ವ ಹೇಳಿದ್ದು ಸರಿಯಿತ್ತು. ಬೀಜ ಹೊತ್ತು ತರಲು ಚುಚ್ಚಿಸಿಕೊಳ್ಳುವಂಥ ಒರಟು ಉಣ್ಣೆ ಬೇಕು, ಆದರೆ ಅದರ ಒಳಗೆ ಜೀವವಿರಬಾರದು. ಫರ್ಜಾನಾಳ ಕಣ್ಣು ಮಾಳವ್ವನ ಹೆಗಲ ಮೇಲೆ ನಿಂತಿತು.

"ಮೇಡಂ, ಕುರಿ ಯಾಕ ಬೇಕ್ರಿ? ಕಂಬಳಿ ಸಾಕಲ್ಲ?"

ಮೂವರೂ ಒಂದು ಗಳಿಗೆ ಆ ಕಪ್ಪು ಕಂಬಳಿಯನ್ನೇ ನೋಡಿದರು. ಹುಲ್ಲಿನ ಮೇಲೆ ಎಳೆದರೆ ಊಬು ಅಂಟುತ್ತದೆ. ತಂದು ಇಲ್ಲಿ ಕೊಡವಬಹುದು. ಊಬು ನೆಲಕ್ಕೆ ಬಿದ್ದ ಮೇಲೆ ಕುರಿಗೆ ಅಪಾಯವಿಲ್ಲ. ಆಗ ಹಿಂಡು ಹಾಯ್ದರೆ ಗೊರಸಿನಡಿ ಬೀಜ ಮಣ್ಣಿಗೆ ಸೇರುತ್ತದೆ. ಮಳೆ ಬಿದ್ದಾಗ ಹುರಿಬಾಲ ಬಿಚ್ಚಿಕೊಂಡು ತಿರುಗಿ, ಮೊನೆಯನ್ನು ತಾನೇ ನೆಲಕ್ಕೆ ಕೊರೆದು ನೆಡುತ್ತದೆ.

"ನನ್ನ ಕಂಬಳಿ ಕೊಡಾಂಗಿಲ್ಲ," ಎಂದಳು ಮಾಳವ್ವ. "ನೇಯಿಸಿ ಕೊಡ್ತೀನಿ. ಈಗೇನು ಉಣ್ಣಿ ಕೇಳವ್ರ ಇಲ್ಲ, ಗುಡ್ಡಿ ಬಿದ್ದೈತಿ. ಬೇಲಿ ಮಾತ್ರ ಮೊದಲ ತಗೀರಿ, ಅಕ್ಕೋರ. ನಿಮ್ಮ ಮಾತು ನಂಬಿ ಒಮ್ಮೆ ಹಾದಿ ಬಿಟ್ಟೀವಿ."

"ಮೊದಲ ಬೇಲಿ," ಎಂದರು ಮೇಡಂ.

ಸಮಿತಿಯ ಸಭೆ ನಿಯಂತ್ರಣ ಕೊಠಡಿಯಲ್ಲೇ ನಡೆಯಿತು. ದೊಡವಾಡರು ಗೋಡೆಯ ಹಸಿರು ಬರಹ ಕಾಣದಂತೆ ದೊಡ್ಡ ಪರದೆ ಇಳಿಸಿದ್ದರು. ಮೇಡಂ ಒಳಗೆ ಬಂದವರೇ ಅದನ್ನು ಮೇಲೆತ್ತಿಸಿದರು. "ಓದಿಕೊಳ್ಳಿ," ಎಂದರು ಸದಸ್ಯರಿಗೆ. "ಇದನ್ನು ಬರೆದವಳು ನಾನು. ಇದು ತಪ್ಪು. ಯಾಕೆ ತಪ್ಪು ಎನ್ನುವುದನ್ನು ಡಾ. ಮಕಾನದಾರ ಹೇಳುತ್ತಾರೆ."

ಫರ್ಜಾನಾ ಅರ್ಧ ಗಂಟೆ ಮಾತಾಡಿದಳು. ಅಧ್ಯಕ್ಷರು ಬೆಂಗಳೂರಿನಿಂದ ಬಂದ ಹಿರಿಯ ಅಧಿಕಾರಿ. ಅವರು ಕೊನೆಗೆ ಮೇಡಂ ಕಡೆ ತಿರುಗಿದರು. "ಇಪ್ಪತ್ತು ವರ್ಷ ನಿಮ್ಮ ಒಂದು ವಾಕ್ಯ ನಂಬಿ ಸರ್ಕಾರ ಕಾದಿದೆ. ಈಗ ಕಂಬಳಿಯನ್ನು ಯಾಕೆ ನಂಬಬೇಕು?"

"ನಂಬಬೇಡಿ," ಎಂದರು ಮೇಡಂ. "ಏಳನೇ ತಾಣವನ್ನು ಎರಡು ಭಾಗ ಮಾಡಿ. ಒಂದರಲ್ಲಿ ಕಂಬಳಿ, ಕುರಿ. ಇನ್ನೊಂದಕ್ಕೆ ನಾವ್ಯಾರೂ ಕಾಲಿಡುವುದಿಲ್ಲ. ಎರಡು ಮಳೆಗಾಲ ಕೊಡಿ. ನಾವು ತಪ್ಪಾಗಿದ್ದರೆ ಗೊತ್ತಾಗುವ ಹಾಗೆ ಈ ಸಲ ಮಾಡಿದ್ದೇವೆ. ಹೋದ ಸಲ ಮಾಡಿರಲಿಲ್ಲ."

ಅಧ್ಯಕ್ಷರು ಸದಸ್ಯರನ್ನು ನೋಡಿದರು. ಹನ್ನೊಂದು ತಾಣಗಳ ತೀರ್ಮಾನವನ್ನು ಮುಂದೂಡಿ, ಏಳನೆಯದಕ್ಕೆ ಎರಡು ಮಳೆಗಾಲ ಕೊಟ್ಟರು. ಸಭೆ ಮುಗಿದ ಮೇಲೆ ದೊಡವಾಡರು ಮೇಡಂ ಕಾಲಿಗೆ ಬಗ್ಗಿದರು. "ಏಳಪ್ಪ," ಎಂದರು ಅವರು, "ಬಣ್ಣದವನಿಗೆ ಹೇಳಿ ಗ್ವಾಡಿ ಬಳಿಸು."

ಆ ಚಳಿಗಾಲ ಮೇಡಂ ಒಂದು ಸಣ್ಣ ಪ್ರಬಂಧ ಬರೆದು, ಮೊದಲಿನದು ಪ್ರಕಟವಾಗಿದ್ದ ನಿಯತಕಾಲಿಕಕ್ಕೇ ಕಳಿಸಿದರು. ಶೀರ್ಷಿಕೆ: 'ನೆಲ ಮರೆಯುತ್ತದೆ: ಒಂದು ತಿದ್ದುಪಡಿ'. ಮೊದಲ ಹೆಸರು ಫರ್ಜಾನಾಳದು. ಕೊನೆಯಲ್ಲಿ ಕೃತಜ್ಞತೆಯ ಸಾಲುಗಳಿದ್ದವು: ಕಂಬಳಿ ನೇಯಿಸಿ ಕೊಟ್ಟ ಮಾಳವ್ವನಿಗೆ, ನಾಲ್ಕು ದಶಕಗಳ ವಿದ್ಯಾರ್ಥಿಗಳ ಕಾಲುಚೀಲಗಳಿಗೆ, ಮತ್ತು ಊಬು ಸೀಟಿಗೆ ತಾಗದಂತೆ ಕಟ್ಟುನಿಟ್ಟು ಮಾಡಿದ, ಈಗ ನಮ್ಮೊಡನಿಲ್ಲದ ಚಾಲಕ ಫಕೀರಪ್ಪನವರಿಗೆ. ಸಂಪಾದಕರು ಕಾಲುಚೀಲದ ಸಾಲು ತೆಗೆಯಲು ಕೇಳಿದರು. ಮೇಡಂ ಒಪ್ಪಲಿಲ್ಲ.

ಲೇಖನ ಬಂದ ಮೇಲೆ ಹಳೆಯ ವಿದ್ಯಾರ್ಥಿಗಳ ಕರೆಗಳು ಶುರುವಾದವು. ಸೊಲ್ಲಾಪುರದ ಕಡೆ ಹುಲ್ಲುಗಾವಲು ಎಬ್ಬಿಸುತ್ತಿದ್ದವನೊಬ್ಬ ತನ್ನ ತಾಕುಗಳಲ್ಲಿ ಹುಲ್ಲು ದಾರಿಬದಿಗೇ ಯಾಕಿದೆ ಎಂದು ಈಗ ತಿಳಿಯಿತು ಎಂದ. ಕೀನ್ಯಾದಲ್ಲಿದ್ದವಳು ಬೇಲಿ ತೆಗೆಸಿದ ಸುದ್ದಿ ಹೇಳಿದಳು. ಎಲ್ಲರನ್ನೂ ಮೇಡಂ ಒಂದೇ ಮಾತು ಕೇಳಿದರು: ಯಾರೂ ಕಾಲಿಡದ ತಾಕು ಇಟ್ಟಿದ್ದೀರಾ?

ಎರಡನೇ ಮಳೆಗಾಲ ಮುಗಿದ ಮೇಲೆ ಅಕ್ಕ-ತಂಗಿ ಫರ್ಜಾನಾಳೊಡನೆ ಏಳನೇ ತಾಣಕ್ಕೆ ಬಂದರು. ಹಗ್ಗ ಕಟ್ಟಿ ಯಾರೂ ಕಾಲಿಡದ ಅರ್ಧದಲ್ಲಿ ಜಾಲಿ, ಕೆಂಪು ನೆಲ. ಇನ್ನರ್ಧದಲ್ಲಿ ಮೊಣಕಾಲೆತ್ತರದ ಹುಲ್ಲು, ಇನ್ನೂ ತೆಳುವು, ನಡುನಡುವೆ ಬರಿ ನೆಲ, ಆದರೆ ಹುಲ್ಲೇ. ಫರ್ಜಾನಾ ಅದರ ಎಣಿಕೆಯನ್ನು ಕೆಲವು ವಾರಗಳ ಹಿಂದೆಯೇ ಸಮಿತಿಗೆ ಕಳಿಸಿದ್ದಳು. ಹನ್ನೊಂದು ತಾಣಗಳನ್ನು ನೀಲಗಿರಿಗೆ ಕೊಡುವ ಕಡತ ವಾಪಸಾಗಿತ್ತು. ದೂರದಲ್ಲಿ ಮಾಳವ್ವನ ಹಿಂಡು ತೆಗೆದ ಬೇಲಿಯ ಕಂಬಗಳ ನಡುವೆ ದಾಟುತ್ತಿತ್ತು.

ಕೈಯಲ್ಲಿ ಹಿಡಿಯುವ ಹೊಸ ವಂಶದರ್ಶಿಯ ಮೇಲೆ ಫರ್ಜಾನಾ ಒಂದು ಗರಿ ಕಿತ್ತಿಟ್ಟಳು. ನೆತ್ತಿಯ ಹುಲ್ಲು ಕಡಿಮೆ ಎಂದು ಕಂಬಳಿಗಳನ್ನು ಅವರು ಎಳೆದದ್ದು ಹೆಚ್ಚಾಗಿ ಮೂರನೇ ತಾಕಿನ ಮೇಲೆ. ಪರದೆಯಲ್ಲಿ ಸಾಲುಗಳು ಮೂಡಿದವು.

"ಏನಂತೈತಿ?" ಎಂದರು ಮೇಡಂ. ಅವರು ಕಲ್ಲಿನ ಮೇಲೆ ಕುಳಿತಿದ್ದರು. ಶಕುಂತಲಾ ಪಕ್ಕದಲ್ಲಿ ಬುತ್ತಿ ಬಿಚ್ಚುತ್ತಿದ್ದರು.

"ತಾಯಿ, ಮೂರನೇ ತಾಕು. ಅಜ್ಜಿ, ಮೂರನೇ ತಾಕು. ಮುತ್ತಜ್ಜಿ..." ಫರ್ಜಾನಾ ನಕ್ಕಳು. ನಕ್ಷೆಗೆ ಅವಳೇ ಹೆಸರು ತುಂಬಿಸಿದ್ದಳು. "ಬೇವಿನ ಬುಡ."

"ಅವತ್ತು ಗುರೆಳ್ಳು ಚಟ್ನಿ ಯಾರು ತಂದಿದ್ರು ಅಂತ ಹೇಳತೈತೇನು ಕೇಳು."

"ಅಷ್ಟು ಶ್ಯಾಣ್ಯಾ ಆಗಿಲ್ರಿ ಇನ್ನೂ."

ಊಟವಾಯಿತು. ಎದ್ದಾಗ ಶಕುಂತಲಾ ಅಭ್ಯಾಸಬಲದಿಂದ ಬಗ್ಗಿ ಅಕ್ಕನ ಸೀರೆಯಂಚಿನ ಊಬುಗಳನ್ನು ಕೀಳಲು ಕೈ ಹಾಕಿದರು. ಮೇಡಂ ಆ ಕೈ ಹಿಡಿದರು. ಗಾಡಿ ನಿಂತಿದ್ದ ಕಡೆ, ಹಗ್ಗದ ಈಚೆ, ಚಾಪೆಯಗಲದ ಒಂದು ಬರಿ ನೆಲವಿತ್ತು.

"ಇಲ್ಲಿ ಬ್ಯಾಡ," ಎಂದರು. "ಅಲ್ಲಿ ಕಿತ್ತು ಒಗಿಯೂಣ, ಬಾ."